ಅಂಗಳದಲ್ಲೇ ನಿಂತ ಅಳಿಯ

ಹುನ್ನೂರಿನ ಹೊಳೆವ್ವನ ಅಳಿಯನಷ್ಟು ಮಡಿವಂತ ಅಳಿಯ ಸುತ್ತಲಿನ ಯಾವ ಹಳ್ಳಿಯಲ್ಲೂ ಸಿಗಲಿಕ್ಕಿಲ್ಲ ಎಂದು ಆ ಓಣಿಯ ಹೆಂಗಸರೆಲ್ಲ ಕೂಡಿ ತೀರ್ಮಾನ ಮಾಡಿಬಿಟ್ಟಿದ್ದರು. ಹೆಂಡತಿ ಹಡೆದು ಐದು ತಿಂಗಳಾಗುತ್ತ ಬಂದರೂ ಸಿದರಾಯ ಅತ್ತೆಯ ಮನೆಯ ಹೊಸ್ತಿಲು ದಾಟಿರಲಿಲ್ಲ. ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದ. ತಂದ ಹಣ್ಣಿನ ಚೀಲವನ್ನು ಕಟ್ಟೆಯ ಮೇಲಿಟ್ಟು, ದೂರದಿಂದಲೇ ಹೆಂಡತಿಯನ್ನು ಮಾತಾಡಿಸಿ, ಒಂದು ತಂಬಿಗೆ ನೀರೂ ಕುಡಿಯದೆ ಹೊರಟುಬಿಡುತ್ತಿದ್ದ. ಕಾರಣ ಏನೆಂದರೆ, ಅವನು ಬೀಳಗಿಯಲ್ಲಿ ಆಂಬುಲೆನ್ಸಿನ ಮೇಲೆ ಇರುವವನು. ಡ್ರೈವರ್ ಅಲ್ಲ, ಹಿಂದೆ ರೋಗಿಯ ಪಕ್ಕ ಕೂತು ಆಕ್ಸಿಜನ್ ಹಚ್ಚುವವನು, ರಕ್ತ ಒರೆಸುವವನು, ದಾರಿಯಲ್ಲೇ ನೋವು ಜೋರಾದರೆ ಹೆರಿಗೆ ಮಾಡಿಸುವವನು. ಬೆಳಗಾದರೆ ಸಾವು ಮುಟ್ಟುವ ಕೈ. ಅಂಥ ಕೈಯಿಂದ ಬಾಣಂತಿಯನ್ನು, ಹಸುಗೂಸನ್ನು ಮುಟ್ಟಬಾರದೆಂದು ತಾನಾಗಿಯೇ ದೂರ ನಿಲ್ಲುತ್ತಾನಲ್ಲ, ಎಂಥ ತಿಳುವಳಿಕೆಯ ಮನುಷ್ಯ ನೋಡಿರಿ!

ಹೊಗಳುವುದಕ್ಕೇನು, ಬಾಯಿ ಪುಕ್ಕಟೆ. ಅವರಲ್ಲಿ ಒಬ್ಬಳಾದರೂ ಅವನ ಮುಖವನ್ನು ಸರಿಯಾಗಿ ನೋಡಿದ್ದರೆ ಅದು ಮಡಿಯಲ್ಲ, ಅಂಜಿಕೆ ಎಂದು ಗೊತ್ತಾಗುತ್ತಿತ್ತು. ಒಳಗೆ ತೊಟ್ಟಿಲು ಕಿರ್ರೆಂದರೆ ಸಾಕು, ಅವನ ಅಂಗೈ ಬೆವರುತ್ತಿತ್ತು, ಕಾಲುಗಳು ತಾವಾಗಿಯೇ ರಸ್ತೆಯ ಕಡೆ ತಿರುಗುತ್ತಿದ್ದವು. ಸ್ವಂತ ಮಗಳನ್ನು ಎತ್ತಿಕೊಳ್ಳಲು ಅಪ್ಪನೊಬ್ಬ ಅಂಜುತ್ತಾನೆ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ. ಹೇಳುವ ಗರಜೂ ಬಿದ್ದಿರಲಿಲ್ಲ. ಊರ ರೂಢಿಯೇ ಅವನ ಪರವಾಗಿ ಮಾತಾಡುತ್ತಿತ್ತು.

ಮಗು ಹುಟ್ಟಿದ ದಿನ ಅವನು ಬೀಳಗಿಯಿಂದ ಜಮಖಂಡಿಯ ದವಾಖಾನೆಗೆ ಓಡೋಡಿ ಬಂದಿದ್ದು ನಿಜ. ಬಾಗಿಲಲ್ಲೇ ಹೊಳೆವ್ವ ಎದುರಾಗಿ, "ಹೆಣ್ಣ ಕೂಸು ಅಳ್ಯಾರ! ಥೇಟ್ ನಿಮ್ಮ ಮಾರಿ ನೋಡ್ರಿ" ಎಂದು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಮುಂದೆ ಚಾಚಿದಳು. ಸಿದರಾಯನ ಕೈ ಮೇಲೇಳಲಿಲ್ಲ. ಹಿಂದೆ ಸರಿದು, "ಬ್ಯಾಡ್ರಿ ಅತ್ತಿ, ಮುಂಜಾನೆ ಒಂದ ಹೆಣಾ ಮುಟ್ಟೇನಿ" ಅಂದುಬಿಟ್ಟ. ಬಾಯಿಗೆ ಬಂದದ್ದು ಅಂದ, ಅಷ್ಟೇ. ಹೊಳೆವ್ವ ಗಾಬರಿಯಾಗಿ ಕೂಸನ್ನು ಎದೆಗವಚಿಕೊಂಡಳು. "ಛಲೋ ಆತು ಹೇಳಿದ್ದು! ಎಳೀ ಕೂಸು. ಒಂದೈದ ದಿನಾ ಹೋಗ್ಲಿ ಬಿಡ್ರಿ" ಅಂದಳು. ಆ ಕ್ಷಣ ಸಿದರಾಯನಿಗೆ ಎಷ್ಟು ಹಗುರ ಅನಿಸಿತೆಂದರೆ, ಅದನ್ನು ನೆನೆದರೆ ಅವನಿಗೆ ಈಗಲೂ ನಾಚಿಕೆಯಾಗುತ್ತದೆ.

ಆ ಐದು ದಿನ ಹೋದವು, ಇನ್ನೊಂದು ಹೆಣ ಬಂತು. ಆಂಬುಲೆನ್ಸಿನವನಿಗೆ ಹೆಣದ ಬರವೇ? ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಗುದ್ದಿದವರು, ಹೊಳೆಗೆ ಬಿದ್ದವರು, ಬೆಳೆಗೆ ಹೊಡೆಯುವ ಔಷಧಿ ಕುಡಿದವರು. ಯಾರೂ ಸಾಯದ ವಾರದಲ್ಲಿ ಅವನೇ ಬಾಯಿಂದ ಒಬ್ಬರನ್ನು ಸಾಯಿಸುತ್ತಿದ್ದ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೂ ಹಾಗೇ ಆಯಿತು. ಮನೆ ತುಂಬ ಬೀಗರು, ಹೆಂಗಸರ ಹಾಡು, ಗುಗ್ಗರಿಯ ವಾಸನೆ. ಅಪ್ಪನಾದವನು ಅಂಗಳದ ಬೇವಿನ ಗಿಡಕ್ಕೆ ಆನಿಕೊಂಡು ನಿಂತಿದ್ದ. ಒಳಗೆ ಹೆಸರು ಕೂಗಿದ್ದು ಆ ಗದ್ದಲದಲ್ಲಿ ಅವನಿಗೆ ಸರಿಯಾಗಿ ಕೇಳಿಸಲೂ ಇಲ್ಲ. ಅನುರಾಧಾ ಎಂದು ಇಟ್ಟಿದ್ದಾರೆಂದು ಆಮೇಲೆ ಫೋನಿನಲ್ಲಿ ಹೆಂಡತಿಯನ್ನೇ ಕೇಳಿ ತಿಳಿದುಕೊಂಡ.

ಬೀಳಗಿಯ ಬಾಡಿಗೆ ಮನೆಯಲ್ಲಿ ಅವನೊಬ್ಬನೇ. ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು, ಅರ್ಧ ತಿಂದು, ಉಳಿದದ್ದನ್ನು ಓಣಿಯ ನಾಯಿಗಳಿಗೆ ಹಾಕುತ್ತಿದ್ದ. ನಾಯಿಗಳು ಮೈ ತುಂಬಿಕೊಂಡವು, ಅವನ ಅಂಗಿ ಮಾತ್ರ ದಿನೇ ದಿನೇ ದೊಡ್ಡದಾಯಿತು. ಹೆಂಡತಿ ರಂಜನಾ ಬಿಟ್ಟುಹೋದ ಸೀರೆಗಳು ಹಗ್ಗದ ಮೇಲೆ ಹಾಗೇ ಇದ್ದವು, ಮಡಚಿ ಇಡಲು ಅವನಿಗೆ ಮನಸ್ಸಾಗಲಿಲ್ಲ. ಟಿವಿ ಹಚ್ಚಿದರೆ ಯಾವುದಾದರೂ ಜಾಹೀರಾತಿನಲ್ಲಿ ಕೂಸು ಬಂದೇ ಬರುತ್ತದೆ, ಹಾಳಾದ್ದು. ಅದಕ್ಕೆ ಟಿವಿಯನ್ನೂ ಬಿಟ್ಟ. ಡ್ಯೂಟಿ ಇಲ್ಲದ ದಿನವೂ ಹೋಗಿ, ದವಾಖಾನೆಯ ಬಯಲಲ್ಲಿ ನಿಂತ ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದ. ಮೊಬೈಲಿನಲ್ಲಿ ರಂಜನಾ ಕಳಿಸಿದ ಮಗಳ ಫೋಟೋ ನೋಡುತ್ತಿದ್ದ. ಫೋಟೋಕ್ಕೆ ಅವನು ಅಂಜುತ್ತಿರಲಿಲ್ಲ.

ಅವನ ಜೊತೆಗಿದ್ದ ಡ್ರೈವರಿನ ಹೆಸರು ಯಮನಪ್ಪ. ಆಂಬುಲೆನ್ಸ್ ಓಡಿಸುವವನಿಗೆ ಇಂಥ ಹೆಸರೇ, ಎಂದು ರೋಗಿಯ ಕಡೆಯವರು ಅಳುತ್ತಲೇ ನಕ್ಕುಬಿಡುತ್ತಿದ್ದರು. ವಯಸ್ಸಾದ, ಬಾಯಿ ಜೋರಿನ, ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳದ ಮನುಷ್ಯ. ಹೆರಿಗೆಯ ಕರೆ ಬಂದಾಗಲೆಲ್ಲ ಸಿದರಾಯನಿಗೆ ಹೊಟ್ಟೆನೋವು ಬರುತ್ತದೆ, ಇಲ್ಲವೆ ಅವನು ಬೇರೆಯವರಿಗೆ ಡ್ಯೂಟಿ ಬದಲಾಯಿಸಿಕೊಡುತ್ತಾನೆ ಎಂಬುದನ್ನು ಮೊದಲು ಗಮನಿಸಿದವನು ಅವನೇ. ಒಂದು ದಿನ ತಪ್ಪಿಸಿಕೊಳ್ಳಲು ಆಗಲಿಲ್ಲ. ಬಸುರಿಯನ್ನು ಗಾಡಿಗೆ ಹತ್ತಿಸಿದ್ದೇ ಸಿದರಾಯ ಕೆಳಗಿಳಿದು ರಸ್ತೆಯ ಬದಿಗೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕರೆದರೂ ಏಳಲಿಲ್ಲ. ಜೊತೆಗೆ ಬಂದ ಆಶಾ ಕಾರ್ಯಕರ್ತೆ ಹಿಂದೆ ಕೂತಳು, ಯಮನಪ್ಪ ಗಾಡಿ ಓಡಿಸಿದ, ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ತಿರುಗಿ ಬಂದ ಯಮನಪ್ಪ ಬೈಯಲಿಲ್ಲ. ಚಹಾ ಕುಡಿಸಿ, "ಲೇ ಸಿದರಾಯಾ, ಮೊದಲ ನನ್ನ ಸಂಗಾಟ ಬ್ಯಾರೆಯವರ ಕೂಸಿಗೆಲ್ಲಾ ಹೆಸರ ಇಡತಿದ್ದೆಲ್ಲೋ, ಏನಾಗೇತಿ ನಿನಗ?" ಅಂದ.

"ಏನಿಲ್ಲ ಕಾಕಾ. ನಿದ್ದಿಗೆಟ್ಟೇತಿ."

"ನಿದ್ದಿಗೆಟ್ಟವರಿಗೆ ಜಮಖಂಡ್ಯಾಗ ಒಬ್ಬಾಕಿ ಮೇಡಮ್ಮ ಬರತಾಳ, ವಾರಕ್ಕೊಮ್ಮಿ. ಮನಸಿನ ಮಾತು ಕೇಳಾಕಿ. ನಡಿ, ಹೋಗೂಣು."

"ನನಗೇನ ಹುಚ್ಚ ಹಿಡದೇತೇನ?"

"ಹುಚ್ಚ ಹಿಡದಿದ್ರ ನಿನ್ನ ಜೋಡಿ ಗಾಡ್ಯಾಗ ನಾ ಯಾಕ ಕುಂಡರ್ತಿದ್ನೋ? ಸುಮ್ನ ಬಾ."

ಆ ಮೇಡಮ್ಮನ ಹೆಸರು ಪೂರ್ವಾ. ಮುಧೋಳದ ಬ್ರಾಹ್ಮಣರ ಮನೆಯ ಹುಡುಗಿ. ಓದು ಮುಗಿಸಿ ಕೌನ್ಸೆಲಿಂಗ್ ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಜಮಖಂಡಿಯ ದವಾಖಾನೆಯ ಹಿಂಭಾಗದ ಕೋಣೆಯಲ್ಲಿ ಕೂರುತ್ತಿದ್ದಳು. ಸಿದರಾಯ ನಿದ್ದೆ ಬರುವುದಿಲ್ಲ, ಫೋನು ರಿಂಗಾದರೆ ಎದೆ ಧಸಕ್ಕೆನ್ನುತ್ತದೆ ಎಂದು ಹೇಳಿದಾಗ ಆಕೆ ಅವಸರ ಮಾಡದೆ ಕೇಳಿದಳು. ಆಂಬುಲೆನ್ಸಿನವರು, ಬೆಂಕಿ ಆರಿಸುವವರು, ಪೊಲೀಸರು, ಇವರೆಲ್ಲ ಕಂಡದ್ದನ್ನು ಮನಸ್ಸು ಒಮ್ಮೊಮ್ಮೆ ಅರಗಿಸಿಕೊಳ್ಳಲಾರದು, ಅದೊಂದು ಬೇನೆ, ಅದಕ್ಕೆ ಮದ್ದಿದೆ ಎಂದು ತಿಳಿಸಿ ಹೇಳಿದಳು. ಯಾವ ಘಟನೆ ಪದೇ ಪದೇ ಕಣ್ಣ ಮುಂದೆ ಬರುತ್ತದೆ ಎಂದು ಕೇಳಿದಳು. ಅಲ್ಲೇ ಸಿದರಾಯ ಆಟ ಹೂಡಿದ. ಕಬ್ಬಿನ ಟ್ರ್ಯಾಕ್ಟರಿನ ಅಪಘಾತ ಹೇಳಿದ, ಬನಹಟ್ಟಿಯ ಹಾದಿಯಲ್ಲಿ ಮಗುಚಿದ ಟಂಟಂ ಗಾಡಿಯದು ಹೇಳಿದ. ಅವು ಸುಳ್ಳಲ್ಲ, ಅವನು ಕಂಡವೇ. ಆದರೆ ಅವನ ನಿದ್ದೆ ಕೆಡಿಸಿದ್ದು ಅವಲ್ಲ. ಪೂರ್ವಾ ಪಾಪ, ನಂಬಿದಳು. ಎಷ್ಟೋ ವಾರ ಆ ಅಪಘಾತಗಳನ್ನೇ ಹಿಡಿದು, ಉಸಿರಾಟ ಕಲಿಸಿ, ಮಾತಾಡಿಸಿ ದಣಿದಳು. ಹೆಂಡತಿ ಮಗುವಿನ ಮಾತು ಬಂದಾಗ ಅವನು ಮೈಲಿಗೆಯ ವಿಷಯ ಹೇಳಿದ. ಆಕೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು. ಮನೆಯಲ್ಲಿ ಅಜ್ಜಿ ರಾಧಾಬಾಯಿಯ ಮಡಿಯ ನಡುವೆಯೇ ಬೆಳೆದವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಪ್ರತಿ ಸಲವೂ ಆ ಕೋಣೆಯಿಂದ ಹೊರಬಿದ್ದು ಅವನು ಜಮಖಂಡಿ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದ. ಹುನ್ನೂರು ಅಲ್ಲಿಂದ ಹತ್ತಿರ. ಹುನ್ನೂರ ಕಡೆಯ ಬಸ್ಸಿನವನು ಕೂಗುತ್ತಿದ್ದರೆ, ಸಿದರಾಯ ಕೇಳಿಸದವನ ಹಾಗೆ ಬೀಳಗಿಯ ಬಸ್ಸು ಹತ್ತಿ, ಕಿಟಕಿಗೆ ತಲೆ ಕೊಟ್ಟು ಕೂರುತ್ತಿದ್ದ. ಅಷ್ಟು ಹತ್ತಿರ ಬಂದು ತಿರುಗಿ ಹೋಗುವ ಆ ದಾರಿಯಷ್ಟು ಉದ್ದದ ದಾರಿಯನ್ನು ಅವನು ಮತ್ತೆಲ್ಲೂ ಕಂಡಿರಲಿಲ್ಲ.

ಹೀಗಿರುವಾಗ ರಂಜನಾ ಫೋನು ಮಾಡಿದಳು. ಅವಳು ಜಗಳಗಂಟಿಯಲ್ಲ. ಅವತ್ತು ಮಾತ್ರ ದನಿ ಗಟ್ಟಿಯಿತ್ತು.

"ಐದ ತಿಂಗಳು ತುಂಬಿತಂದ್ರ ಬಾಣಂತಿನ ಗಂಡನ ಮನಿಗೆ ಕರಕೊಂಡು ಹೋಗ್ತಾರ. ನೀವು ಯಾವಾಗ ಬರ್ತೀರಿ?"

"ನೋಡೂಣಲ್ಲ. ಡ್ಯೂಟಿ ಭಾಳ ಐತಿ."

"ಹೆಣ್ಣ ಹುಟ್ಟೇತಂತ ನಿಮ್ಮ ಮನಸಿಗೆ ಬಂದಿಲ್ಲ. ಖರೆ ಹೇಳ್ರಿ. ಮಂದಿ ಮುಂದ ಮಡಿ ಮಡಿ ಅಂತೀರಿ. ನಾ ಏನ ಸಣ್ಣ ಹುಡುಗೇನು, ತಿಳಿಯಂಗಿಲ್ಲಾ?"

ಅಲ್ಲ, ಎಂದು ಕೂಗಿ ಹೇಳಬೇಕೆನಿಸಿತು ಸಿದರಾಯನಿಗೆ. ಆದರೆ ಅಲ್ಲ ಅಂದರೆ ಮತ್ತೆ ಯಾಕೆ ಎಂಬ ಪ್ರಶ್ನೆ ಬರುತ್ತದಲ್ಲ.

"ಅಮಾಸಿ ಕಳದ ಮ್ಯಾಲೆ ನೀವ ಸ್ವತಾ ಬಂದು, ಒಳಗ ಬಂದು, ಕೂಸಿನ್ನ ಎತಗೊಂಡು ನಡಿ ಅಂದ್ರ ಬರ್ತೇನಿ. ಇಲ್ಲಾಂದ್ರ ಬರಂಗಿಲ್ಲ. ಅಪ್ಪಗೂ ಹೇಳೇನಿ, ಇಲ್ಲೇ ಇರ್ತೇನಂತ." ಅವಳು ಅಳುತ್ತಿದ್ದಳೋ ಏನೋ, ಫೋನು ಕಟ್ಟಾಯಿತು.

ಅಮಾವಾಸ್ಯೆಯ ದಿನವೇ ಪೂರ್ವಾಳ ಭೇಟಿಯೂ ಬಿತ್ತು. ಸಿದರಾಯ ಬೆಳಿಗ್ಗೆ ಎದ್ದು ಜಳಕ ಮಾಡಿ, ಬೀರೇಶ್ವರನ ಗುಡಿಗೆ ಹೋಗಿ, ಕಾಯಿ ಒಡೆಸಿ, ಹಣೆ ತುಂಬ ಭಂಡಾರ ಹಚ್ಚಿಕೊಂಡು ಜಮಖಂಡಿಗೆ ಬಂದ. ಹೆಂಡತಿ ಹೇಳಿದ್ದನ್ನು ಪೂರ್ವಾಳ ಮುಂದೆ ಹೇಳಿದ. ಹೇಳಿ, "ಆದ್ರ ಹೆಂಗ ಹೋಗ್ಲಿ ಮೇಡಮ್ಮಾರ? ನಿನ್ನಿ ಮತ್ತ ಒಬ್ಬ ಬೈಕಿನ ಹುಡುಗನ ಹೆಣಾ ಮುಟ್ಟೇನಿ" ಅಂದ.

ಪೂರ್ವಾ ಅವನ ಹಣೆಯ ಹಳದಿಯನ್ನೇ ನೋಡುತ್ತ ಕೂತಳು.

"ಸಿದರಾಯ ಅವರ, ಗುಡಿಗೆ ಹೋಗಿದ್ರೇನು?"

"ಹೌದ್ರಿ. ಅಮಾಸಿ ಅಲ್ರಿ. ತಪ್ಪಸಂಗಿಲ್ಲ."

"ಗರ್ಭಗುಡಿತನಾ ಹೋಗಿ, ದೇವರ ಪಾದಾ ಮುಟ್ಟಿ ಬಂದ್ರಿ?"

"ಹೌದ್ರಿ. ಜಳಕಾ ಮಾಡೇ ಹೋಗೇನ್ರಿ."

"ನಮ್ಮ ಮನ್ಯಾಗ ಮೈಲಿಗಿ ಅಂದ್ರ ಮೊದಲ ದೇವರ ಮನಿ ಬಂದ್. ಉಳದದ್ದೆಲ್ಲಾ ಆಮ್ಯಾಲೆ. ನಮ್ಮ ಅಜ್ಜಿ ಯಾರನ್ನೂ ಆ ಕಡೆ ಹಾಯಗೊಡೂದಿಲ್ಲ." ಪೂರ್ವಾ ಸ್ವಲ್ಪ ಮುಂದೆ ಬಾಗಿದಳು. "ನಿನ್ನೆ ಮುಟ್ಟಿದ ಹೆಣದ ಮೈಲಿಗಿ ಬೀರಪ್ಪಗ ಹತ್ತೂದಿಲ್ಲ, ನಿಮ್ಮ ಮಗಳಿಗೆ ಅಷ್ಟ ಹತ್ತತದೇನ್ರಿ?"

ಸಿದರಾಯನ ಕೈ ಹಣೆಯ ಭಂಡಾರಕ್ಕೆ ಹೋಯಿತು. ಇಷ್ಟು ತಿಂಗಳು ಊರಿಗೆ ಊರೇ ನಂಬಿದ ಮಾತು ಒಂದೇ ಪ್ರಶ್ನೆಗೆ ಕುಸಿದುಬಿತ್ತು.

"ನಾನೂ ಮೋಸಹೋದೆ" ಅಂದಳು ಪೂರ್ವಾ. ಸಿಟ್ಟಿನಿಂದಲ್ಲ, ಬೇಜಾರಿನಿಂದ. "ನೀವು ಹೇಳಿದ್ದನ್ನ ಕೇಳಿದೆ. ಹೇಳದ ಇದ್ದದ್ದನ್ನ ಕೇಳಲಿಲ್ಲ. ಟ್ರ್ಯಾಕ್ಟರ್ ಬಿಡ್ರಿ. ಕೂಸಿಂದು ಏನದ?"

ಅವನು ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಆಮೇಲೆ ಹೇಳತೊಡಗಿದ. ಅನಗವಾಡಿಯ ಹತ್ತಿರ ಹೊಳೆಯ ದಂಡೆಯ ಹೊಲದ ಮನೆ. ಚೊಚ್ಚಲ ಬಸುರಿ. ಕಬ್ಬಿನ ಹಂಗಾಮು, ರಸ್ತೆ ತುಂಬ ಟ್ರ್ಯಾಕ್ಟರ್, ಯಮನಪ್ಪ ಹಾರ್ನ್ ಹೊಡೆದು ಹೊಡೆದು ಸೋತ. ದಾರಿಯಲ್ಲೇ ಕೂಸು ಬಂತು, ಇವನ ಕೈಯಲ್ಲೇ. ಅಂಥ ಎಷ್ಟೋ ಕೂಸುಗಳನ್ನು ಅವನ ಕೈ ಹಿಡಿದಿತ್ತು. ಇದು ಅಳಲಿಲ್ಲ. ಬೆನ್ನು ಉಜ್ಜಿದ, ಬಾಯಿ ಸ್ವಚ್ಛ ಮಾಡಿದ, ಗಾಳಿ ಕೊಟ್ಟ. ಕಲಿಸಿದ್ದೆಲ್ಲ ಮಾಡಿದ, ಕಲಿಸದ್ದನ್ನೂ ಮಾಡಿದ. ಬೆನ್ನ ಹಿಂದೆ ಮಲಗಿದ್ದ ಆ ತಾಯಿ ಕೇಳುತ್ತಲೇ ಇದ್ದಳು, "ಯಣ್ಣಾ, ಯಾಕ ಅಳವಲ್ದು ಕೂಸು?"

"ನಾ ಆಕಿ ಕಡೆ ತಿರುಗಿ ಸೈತ ನೋಡ್ಲಿಲ್ರಿ" ಅಂದ ಸಿದರಾಯ. "ಅಳತೇತಿ ಯವ್ವಾ, ತಡಿ, ಈಗ ಅಳತೇತಿ ಅಂದೆ. ಕೈಯಾಗಿಂದು ತಣ್ಣಗಾಗಿತ್ತು, ನನಗ ಗೊತ್ತಿತ್ತು. ಆದರೂ ದವಾಖಾನಿ ಬರೂತನಕ ಹಂಗ ಅನಕೋತ ಬಂದೆ. ಆಕಿ ನಂಬಿದ್ಳು. ಬಾಗಲಾ ತಗದಾಗ ನಗಾಕತ್ತಿದ್ಳು ಮೇಡಮ್ಮಾರ, ನಗಾಕತ್ತಿದ್ಳು."

ಕೂಸು ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು, ಯಾರೇ ಇದ್ದರೂ ಉಳಿಸಲಾಗುತ್ತಿರಲಿಲ್ಲ ಎಂದು ಡಾಕ್ಟರರು ಅಂದೇ ಹೇಳಿದ್ದರು. ಅದು ಅವನಿಗೂ ಗೊತ್ತು. ಗೊತ್ತಿದ್ದು ಏನು ಮಾಡುವುದು? ಯಾವ ಕೂಸಿನ ಹತ್ತಿರ ಹೋದರೂ ಅದೇ ತಣ್ಣನೆಯ ಭಾರ ಅಂಗೈಗೆ ಬರುತ್ತಿತ್ತು. ತಾನು ಎತ್ತಿಕೊಂಡರೆ ಮಗಳೂ ಸುಮ್ಮನಾಗಿಬಿಡುತ್ತಾಳೆ ಎಂದು ಅವನಿಗೆ ಅನಿಸಿಬಿಟ್ಟಿತ್ತು.

"ಇದನ್ನ ಯಾರಿಗೂ ಹೇಳಿಲ್ಲೇನು?"

"ಯಮನಪ್ಪ ಕಾಕಾಗ ಕೂಸ ಹೋತು ಅನ್ನೂದ ಅಷ್ಟ ಗೊತ್ತು. ಉಳದದ್ದು ಯಾರಿಗೆ ಹೇಳ್ಲಿ? ಆವಾಗ ರಂಜನಾಗ ಏಳ ತಿಂಗಳಾಗಿತ್ತು."

"ಈಗ ಹಡದಾರಲ್ಲ."

ಸಿದರಾಯ ಅಳತೊಡಗಿದ. ಪೂರ್ವಾ ನೀರಿನ ಲೋಟವನ್ನು ಅವನತ್ತ ಸರಿಸಿಟ್ಟಳು. ಅವನು ಕಣ್ಣೊರೆಸಿಕೊಂಡ ಮೇಲೆ, ಇದು ಒಂದು ದಿನದಲ್ಲಿ ಹೋಗುವಂಥದ್ದಲ್ಲ, ವಾರ ವಾರ ಬರಬೇಕು, ಈಗ ನಿಜವಾದ ಕೆಲಸ ಶುರು ಎಂದಳು. "ಕೂಸನ್ನ ಎತ್ತಿಕೋರಿ ಅಂತ ನಾ ಹೇಳೂದಿಲ್ಲ. ಅದಕ್ಕ ಎಷ್ಟ ದಿನಾ ಬೇಕೋ ಅಷ್ಟ ತಗೋರಿ. ಹೆಂಡ್ತಿಗೆ ಖರೆ ಹೇಳ್ರಿ. ಇವತ್ತಿಗೆ ಅಷ್ಟ ಸಾಕು."

ಅಂದು ಬಸ್‌ಸ್ಟ್ಯಾಂಡಿನಲ್ಲಿ ಬೀಳಗಿಯ ಬಸ್ಸು ಹೊರಟು ನಿಂತಿತ್ತು. ಸಿದರಾಯ ಅದರ ಬಾಗಿಲಿನ ಕಂಬಿ ಹಿಡಿದವನು ಬಿಟ್ಟ. ಹುನ್ನೂರಿಗೆ ಬಂದಿಳಿದಾಗ ಮಧ್ಯಾಹ್ನದ ಬಿಸಿಲು. ಹೊಳೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಜೊತೆಗೆ ನೆರೆಮನೆಯ ಸುವರ್ಣಾ. ಅಳಿಯನನ್ನು ಕಂಡವಳೇ ಹೊಳೆವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಅಳ್ಯಾರ. ಇವತ್ತ ಯಾರದರ ಹೆಣಾ ಗಿಣಾ ಮುಟ್ಟೀರೇನು?"

ಇಲ್ಲ ಅಂದರೆ ಮುಗಿಯುತ್ತಿತ್ತು. ಆದರೆ ಅವನಿಗೆ ಸುಳ್ಳು ಹೇಳಿ ಸಾಕಾಗಿತ್ತು. "ನಿನ್ನಿ ಮುಟ್ಟೇನ್ರಿ. ಜಳಕಾ ಆಗೇತಿ. ಒಳಗ ಬರ್ತೇನಿ" ಅಂದ.

"ಅಯ್ಯ, ಹೆಂಗ ಬರ್ತೀರಿ! ನೀವ ಹೇಳಿದ್ದಲ್ಲೇನು? ಅಲ್ಲೇ ನಿಲ್ರಿ, ಆಕಿನ್ನ ಕರೀತೇನಿ." ಹೊಳೆವ್ವ ಬಾಗಿಲಿಗೆ ಅಡ್ಡ ಬಂದಳು. ಸುವರ್ಣಾ ಮೊರವನ್ನು ಕೆಳಗಿಟ್ಟು, "ಇಷ್ಟ ದಿನಾ ಮಡಿ ಪಾಳಿಸಿದವರು ಈಗ ಯಾಕ ಕೆಡಸ್ತೀರಿ ಮಾವಾರ? ನಿಮ್ಮನ್ನ ನೋಡಿ ನಮ್ಮ ಮನಿಯವರಿಗೂ ನಾ ಬುದ್ಧಿ ಹೇಳ್ತೇನಿ" ಅಂದಳು. ತಾನೇ ಕಟ್ಟಿದ ಗೋಡೆ ತನಗೇ ಅಡ್ಡ ನಿಂತಿತ್ತು. ಯಾರನ್ನು ಬೈಯಬೇಕು? ಅವರು ಅವನನ್ನು ನಂಬಿದ್ದರು, ಅದೇ ಅವರ ತಪ್ಪು.

ಗದ್ದಲ ಕೇಳಿ ರಂಜನಾ ಬಾಗಿಲಿಗೆ ಬಂದಳು. ಹೆಗಲ ಮೇಲೆ, ತಲೆಗೆ ಕುಂಚಿಗೆ ಕಟ್ಟಿದ ಕೂಸು. ಅವಳ ಮುಖ ಇಳಿದುಹೋಗಿತ್ತು.

"ಮಡಿ ಅಲ್ಲ ರಂಜನಾ" ಅಂದ ಸಿದರಾಯ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಹೆಣ್ಣಂತನೂ ಅಲ್ಲ. ನನಗ ಅಂಜಿಕಿ. ಕೂಸಿನ್ನ ಮುಟ್ಟಾಕ ಅಂಜಿಕಿ."

ಆ ಬಿಸಿಲಲ್ಲಿ, ಅತ್ತೆಯ ಮುಂದೆ, ನೆರೆಯವಳ ಮುಂದೆ, ಆಂಬುಲೆನ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದ. ಮಾತು ಕೂಡಿಸಿ ಹೇಳಲು ಬರಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಯಿತು. ಆ ತಾಯಿ ಕೇಳಿದ್ದು, ತಾನು ಸುಳ್ಳು ಹೇಳಿದ್ದು, ಬಾಗಿಲು ತೆಗೆದಾಗ ಅವಳು ನಗುತ್ತಿದ್ದದ್ದು. ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊಳೆವ್ವ ಬಾಗಿಲ ಅಡ್ಡದಿಂದ ಯಾವಾಗ ಸರಿದಳೋ ಯಾರಿಗೂ ತಿಳಿಯಲಿಲ್ಲ.

"ನನಗ ಹೇಳಬಾರದಿತ್ತೇನ್ರಿ?" ಅಂದಳು ರಂಜನಾ.

"ನಿನ್ನ ಹೊಟ್ಟ್ಯಾಗ ಕೂಸಿತ್ತು. ಹೆಂಗ ಹೇಳ್ಲಿ?"

"ಏಳ ತಿಂಗಳದಾಗ ಹೇಳಬ್ಯಾಡ್ರಿ. ಆಮ್ಯಾಲೆ? ನಾ ಇಲ್ಲಿ ದಿನಾ ಅಳಾಕತ್ತಿದ್ದೆ, ನೀವು ಅಲ್ಲಿ ಅಳಾಕತ್ತಿದ್ರಿ. ಇದೇನ ಸಂಸಾರಾನ?" ಸಿಟ್ಟು ಅವಳಿಗೆ ಇನ್ನೂ ಇತ್ತು, ಇರಬೇಕಾದದ್ದೇ. ಆದರೂ ಹಿಂದೆ ಸರಿದು ಹಾದಿ ಬಿಟ್ಟಳು. "ಒಳಗ ಬರ್ರಿ."

ಹೊಳೆವ್ವ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ಸಿದರಾಯ ಗೋಡೆಗೆ ಬೆನ್ನು ಕೊಟ್ಟು ಕೂತ. ಎತ್ತಿಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ರಂಜನಾ ಪಕ್ಕದಲ್ಲಿ ಕೂತು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಅದು ಹೊಸ ಮುಖವನ್ನು ಪಿಳಿಪಿಳಿ ನೋಡಿ, ಕೈ ಬಡಿದು, ಅವನ ಅಂಗಿಯ ಗುಂಡಿಯನ್ನು ಹಿಡಿದು ಜಗ್ಗಿತು. ಆ ಕೈ ಬೆಚ್ಚಗಿತ್ತು. ಸಿದರಾಯ ಗುಂಡಿ ಬಿಡಿಸಿಕೊಳ್ಳಲು ಹೋಗಲಿಲ್ಲ. ಕೊನೆಗೆ, "ಕೊಡು" ಅಂದ.

ರಂಜನಾ ತನ್ನ ಕೈಯನ್ನು ಅವನ ಕೈ ಕೆಳಗೆ ಇಟ್ಟುಕೊಂಡೇ ಕೂಸನ್ನು ಕೊಟ್ಟಳು, ಆಮೇಲೆ ತನ್ನ ಕೈಯನ್ನು ನಿಧಾನಕ್ಕೆ ಹಿಂದೆ ತೆಗೆದುಕೊಂಡಳು. ಕೂಸು ಸ್ವಲ್ಪ ಕೊಸರಾಡಿತು, ಹಣೆಯ ಭಂಡಾರ ನೋಡಿತು, ಆಕಳಿಸಿತು. ನೋಡುನೋಡುತ್ತಲೇ ಅವನ ತೋಳಿನಲ್ಲಿ ನಿದ್ದೆ ಹೋಯಿತು. ಮನೆಯೆಲ್ಲ ನಿಶ್ಶಬ್ದವಾಯಿತು.

ಸಿದರಾಯನ ಮುಖ ಬಿಳಿಚಿತು. "ರಂಜನಾ, ಸುಮ್ಮ ಆತಲ್ಲ. ಉಸರ ಐತೇನ ನೋಡ."

ಅವಳು ಬಗ್ಗಿ, ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. "ಐತ್ರಿ. ಮಲಗೇತಿ."

ಸ್ವಲ್ಪ ಹೊತ್ತಾಯಿತು. "ಇನ್ನೊಮ್ಮಿ ನೋಡ."

"ಐತ್ರಿ."

ಬಿಸಿಲು ಇಳಿಯಿತು. ಹೊಳೆವ್ವ ಚಹಾ ತಂದಿಟ್ಟಳು, ಅದು ಆರಿಹೋಯಿತು. ಅವನು ಕೇಳುವುದನ್ನು ಬಿಡಲಿಲ್ಲ. ರಂಜನಾ ಬೇಸರಿಸಲಿಲ್ಲ, ನಗಲೂ ಇಲ್ಲ. ಪ್ರತಿ ಸಲವೂ ಬಗ್ಗಿ, ಬೆರಳು ಹಿಡಿದು, ನೋಡಿಯೇ ಹೇಳಿದಳು.